ಆ ಒಡ್ಡಿಗೆ ಮಣ್ಣು ಹೊತ್ತವರು

ಪರದೇಶದಲ್ಲಿ, ಬ್ಯಾಲಂಟೈನ್ ಅನ್ನುವ ಬಡಾವಣೆಯಲ್ಲಿರುವ ನನ್ನ ಮಗಳ ಮನೆಯ ಗೋಡೆಯ ಮೇಲೆ ಒಂದು ದೊಡ್ಡ ಫೋಟೋ ಇದೆ. ಎರಡೂ ಕಡೆ ಓಕ್ ಮರಗಳ ಸಾಲು, ಕೊಂಬೆಗಳಿಂದ ಜಡೆಯ ಹಾಗೆ ಇಳಿಬಿದ್ದ ಬೂದು ಪಾಚಿ, ತುದಿಯಲ್ಲಿ ಬಿಳಿ ಕಂಬಗಳ ಮನೆ. ಅದರ ಮುಂದೆ ರೇಷ್ಮೆ ಸೀರೆಯವರು, ಜುಬ್ಬಾದವರು, ನಡುವೆ ಜರಿ ಲಂಗ ತೊಟ್ಟ ನನ್ನ ಮೊಮ್ಮಗಳು. ಮನೆಗೆ ಬಂದವರೆಲ್ಲ ಅದರ ಎದುರು ನಿಂತು ಎಷ್ಟು ಚೆನ್ನಾಗಿದೆ ಅನ್ನುತ್ತಾರೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಆ ಫೋಟೋದಲ್ಲಿ ನಾನಿಲ್ಲ. ಯಾಕಿಲ್ಲ ಅಂತ ಕೇಳಿದವರಿಗೆ ಮಗಳು, ಅಪ್ಪನಿಗೆ ಅವತ್ತು ಹುಷಾರಿರಲಿಲ್ಲ ಅನ್ನುತ್ತಾಳೆ. ಹುಷಾರಾಗಿಯೇ ಇದ್ದೆ. ಸಿಟ್ಟು ಬಂದಿತ್ತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಆದರೆ ಸಂತೋಷದ ಮಾತು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಈ ಮುದುಕ ಹುಟ್ಟಿದ್ದೇ ಜಗಳಕ್ಕೆ ಅಂದುಕೊಂಡೀರಿ. ನನಗಿರುವುದು ಒಬ್ಬಳೇ ಮಗಳು, ನಮ್ಮ ಕಡೆಯ ರೂಢಿಯಂತೆ ನಾನು ತಂಗಿ ಅಂತಲೇ ಕರೆಯುವುದು. ಅವಳ ತಾಯಿ ತೀರಿಕೊಂಡು ಬಹಳ ಕಾಲವಾಯಿತು. ಮದುವೆಯಾಗಿ ಮಗುವಾಗಲಿಲ್ಲ, ಆಗಲಿಲ್ಲ ಅಂತ ಕಾದು ಕಾದು, ಕೊರೊನಾ ಎಲ್ಲ ಕಳೆದ ಮೇಲೆ ಈ ಬಂಗಾರ ಹುಟ್ಟಿತು. ನಾನು ವಿಮಾನ ಇಳಿದು ಬಂದು ಎತ್ತಿಕೊಂಡ ಕೂಡಲೇ ನನ್ನ ಮೂಗು ಹಿಡಿದು ಜಗ್ಗಿತು. ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ನಾನು ಇಂಗ್ಲಿಷ್ ಬಾರದವನು, ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೂ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಆ ಬೀದಿಗಳಲ್ಲಿ ಹೊರಟರೆ, ಎದುರು ಬಂದ ನಾಯಿಗೂ ನಾಯಿ ಹಿಡಿದವರಿಗೂ ಇದು ನನ್ನ ಮೊಮ್ಮಗಳು ಅಂತ ಕನ್ನಡದಲ್ಲೇ ಹೇಳುತ್ತಿದ್ದೆ. ಅವರಿಗೆ ಅರ್ಥವಾಗುತ್ತಿತ್ತು.

ಏಳನೇ ತಿಂಗಳಲ್ಲಿ ಅನ್ನಪ್ರಾಶನ ಅಂತ ನಿಶ್ಚಯವಾಯಿತು. ಮಗುವಿಗೆ ಅನ್ನದ ಮೊದಲ ತುತ್ತು ಇಡುವವನು ಸೋದರಮಾವ. ನನಗೆ ಗಂಡುಮಕ್ಕಳಿಲ್ಲ, ಹಾಗಾಗಿ ಸೋದರಮಾವ ಎಲ್ಲಿಂದ ಬರಬೇಕು? ಅಳಿಯನ ತಾಯಿ ಮೈಸೂರಿನವರು, ಶಾಸ್ತ್ರ ಬಲ್ಲವರು. ಅವರೇ ಎಲ್ಲರೆದುರು ಹೇಳಿದರು, ಆ ತುತ್ತು ಇನ್ನು ಅಜ್ಜನದೇ ಅಂತ. ಅವತ್ತು ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ. ಯಾರೇ ತುತ್ತಿಡಲಿ, ಅನ್ನ ಮಾತ್ರ ನಮ್ಮೂರಿನದಾಗಲಿ ಅಂತ ನಾನು ಬರುವಾಗಲೇ ಕಗ್ಗದ ಅಕ್ಕಿಯನ್ನು ಹುರಿದು, ಪುಡಿ ಮಾಡಿಸಿ, ಮಗುವಿನ ಸರಿಹಿಟ್ಟಿಗೆಂದು ಸ್ಟೀಲಿನ ಡಬ್ಬಿಯಲ್ಲಿ ತಂದಿದ್ದೆ.

ಕಗ್ಗ ಅಂದರೆ ಉಪ್ಪುನೀರಿಗೂ ಜಗ್ಗದ ಕೆಂಪು ಭತ್ತ. ನಮ್ಮ ಕುಮಟೆಯ ಕಡೆ ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ ಗಜನಿ ಗದ್ದೆಗಳಿವೆ. ಉಬ್ಬರದ ನೀರು ನುಗ್ಗದ ಹಾಗೆ ಸುತ್ತ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಮಳೆ ಉಪ್ಪನ್ನು ತೊಳೆದು ಹಾಕಿದ ಮೇಲೆ ಕಗ್ಗ ಬಿತ್ತುವುದು. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದರೆ ಸಿಗಡಿ, ಏಡಿ, ಮೀನು ತಾವಾಗಿ ಒಳಗೆ ಬರುತ್ತವೆ. ನಾನು ಹುಟ್ಟಿ ಬೆಳೆದದ್ದು ಆ ಒಡ್ಡಿನ ಮೇಲೆ.

ಅನ್ನಪ್ರಾಶನಕ್ಕೆ ಜಾಗ ಹುಡುಕಿದವಳು ಮಗಳು. ದಕ್ಷಿಣ ಕ್ಯಾರೊಲಿನಾದಲ್ಲಿ, ಸಮುದ್ರಕ್ಕೆ ಹತ್ತಿರ, ಹೊಳೆಯ ದಂಡೆಯಲ್ಲಿ ಒಂದು ಹಳೆಯ ಭತ್ತದ ಎಸ್ಟೇಟು. ಈಗ ಅಲ್ಲಿ ಭತ್ತವಿಲ್ಲ, ಮದುವೆಗೆ, ಪಾರ್ಟಿಗೆ ಕೊಡುತ್ತಾರೆ. ಫೋನಿನಲ್ಲಿ ಚಿತ್ರ ತೋರಿಸಿದಳು.

"ನಮ್ಮ ಗಜನಿ ಥರಾನೇ ಇದೆ ನೋಡಪ್ಪ. ನಿಂಗೋಸ್ಕರಾನೇ ಬುಕ್ ಮಾಡಿದ್ದು," ಅಂದಳು.

ಹಿಂದಿನ ದಿನವೇ ಹೋಗಿ ಹತ್ತಿರದ ಹೋಟೆಲಿನಲ್ಲಿ ಉಳಿದುಕೊಂಡೆವು. ಬೆಳಿಗ್ಗೆ ಎಸ್ಟೇಟಿನ ಗೇಟು ದಾಟಿ ಕಾರಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಇಳಿತದ ಕೆಸರಿನ ವಾಸನೆ. ಬೇರೆಯವರು ಮೂಗು ಮುಚ್ಚಿಕೊಂಡರು. ನನಗೆ ನಮ್ಮ ಮನೆಯ ಹಿಂಬಾಗಿಲು ತೆಗೆದ ಹಾಗಾಯಿತು. ಅಲ್ಲಿನ ಇಟ್ಟಿಗೆಯ ಚಿಕ್ಕ ಕೋಣೆಗಳ ಸಾಲಿನಲ್ಲಿ ಒಂದನ್ನು ತೋರಿಸಿ ಮಗಳು, ಇದು ಡ್ರೆಸ್ಸಿಂಗ್ ರೂಮು, ಬಟ್ಟೆ ಬದಲಾಯಿಸಿಕೋ ಅಂದಳು. ಪಂಚೆ ಉಟ್ಟು, ಶಲ್ಯ ಹೊದ್ದು, ಮಗುವನ್ನು ಎತ್ತಿಕೊಂಡು ನಾನು ಸೀದಾ ಹೊಳೆಯ ಕಡೆ ನಡೆದೆ.

ಒಡ್ಡು ಇತ್ತು. ಒಂದಲ್ಲ, ಕಣ್ಣು ಹೋದಷ್ಟು ದೂರ ಒಂದರ ಹಿಂದೆ ಒಂದು, ನಡುವೆ ಚೌಕ ಚೌಕವಾಗಿ ನಿಂತ ನೀರು, ಬಂಗಾರದ ಬಣ್ಣಕ್ಕೆ ತಿರುಗಿದ ಹುಲ್ಲು, ಬೆಳ್ಳಕ್ಕಿಗಳು. ಹಲಗೆಯ ಬಾಗಿಲೂ ಇತ್ತು. ಈಗ ಅದನ್ನು ಬಾತುಕೋಳಿ ಬೇಟೆಗೆ ನೀರು ನಿಲ್ಲಿಸಲು ಇಟ್ಟುಕೊಂಡಿದ್ದಾರೆ ಅಂತ ಆಮೇಲೆ ತಿಳಿಯಿತು. ನಾನು ಮಗುವಿನ ಕಿವಿಯಲ್ಲಿ ಹೇಳಿದೆ: ನೋಡು ಪುಟ್ಟಿ, ಇದು ಒಡ್ಡು. ನಿನ್ನ ಮುತ್ತಜ್ಜಿ ಇಂಥದಕ್ಕೇ ಮಣ್ಣು ಹೊತ್ತವಳು.

ಹೇಳಿದ ಕೂಡಲೇ ಕಾಲು ನಿಂತಿತು. ಯಾಕೆಂದರೆ ಒಡ್ಡು ಅನ್ನುವುದು ತಾನಾಗಿ ಏಳುವುದಿಲ್ಲ. ನಮ್ಮಲ್ಲಿ ಪ್ರತಿ ವರ್ಷ ಮಳೆಗೆ ಮುಂಚೆ ಗದ್ದೆಯ ಒಡೆಯರ ಮನೆಯಿಂದ ಆಳು ಬರುತ್ತಿದ್ದ, ಒಡ್ಡಿಗೆ ಮಣ್ಣು ಹಾಕಬೇಕು ಅಂತ. ಅಪ್ಪ ಸೊಂಟದವರೆಗೆ ಕೆಸರಿನಲ್ಲಿ ನಿಂತು ಹೆಡಿಗೆ ತುಂಬುತ್ತಿದ್ದ. ಅವ್ವ ತಲೆಯ ಮೇಲೆ ಹೊತ್ತು ಮೇಲೆ ಸುರಿಯುತ್ತಿದ್ದಳು, ಕೆಸರುನೀರು ಅವಳ ಮುಖದ ಮೇಲೆ ಇಳಿಯುತ್ತಿತ್ತು. ಒಂದು ವರ್ಷ ಅಮಾವಾಸ್ಯೆಯ ಉಬ್ಬರಕ್ಕೆ ಒಡ್ಡು ಕಿತ್ತುಕೊಂಡು ಹೋಯಿತು. ಇದ್ದಬದ್ದ ಕೈಗಳೆಲ್ಲ ಬೇಕು ಅಂದರು. ನನ್ನ ಶಾಲೆ ಮುಗಿದದ್ದು ಅವತ್ತು. ಬೆಳೆದ ಭತ್ತ ಒಡೆಯರ ಕಣಜಕ್ಕೆ ಹೋಗುತ್ತಿತ್ತು. ಅವ್ವ ಅವರ ಅಂಗಳದ ತುದಿಯಲ್ಲಿ ಗಂಜಿಗೆ ಪಾತ್ರೆ ಹಿಡಿದು ನಿಲ್ಲುತ್ತಿದ್ದಳು. ಜಗಲಿ ಹತ್ತಲಿಲ್ಲ, ಯಾವತ್ತೂ.

ಹೀಗಿರುವಾಗ, ಈ ಇಷ್ಟು ಉದ್ದದ ಒಡ್ಡಿಗೆ ಮಣ್ಣು ಹೊತ್ತವರು ಯಾರು?

ಅಷ್ಟರಲ್ಲಿ ಬ್ಯಾಲಂಟೈನಿನ ಸ್ನೇಹಿತರೆಲ್ಲ ಬಂದಿಳಿದಿದ್ದರು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಎಸ್ಟೇಟಿನ ಉಸ್ತುವಾರಿಯ ಹೆಂಗಸು, ವಯಸ್ಸಾದ ಬಿಳಿಯ ಹೆಂಗಸು, ಎಲ್ಲರಿಗೂ ಮನೆ ತೋರಿಸಿದಳು. ಗಾಜಿನ ದೀಪ, ಸುತ್ತುವ ಮೆಟ್ಟಿಲು, ಗೋಡೆಯ ಮೇಲೆ ಹಳೆಯ ಯಜಮಾನರ ಪಟಗಳು. ಕೊನೆಗೆ ವರಾಂಡದಲ್ಲಿ ನಿಂತು ಗದ್ದೆಯ ಕಡೆ ಕೈ ತೋರಿಸಿ ಏನೋ ಹೇಳಿದಳು. ಮಗಳು ನನಗೆ ಕನ್ನಡದಲ್ಲಿ ಹೇಳಿದಳು, ಈ ಫ್ಯಾಮಿಲಿಯವರು ಜೌಗು ಕಾಡು ತೆಗೆದು ಗದ್ದೆ ಮಾಡಿದ್ರಂತೆ ಅಂತ.

"ಫ್ಯಾಮಿಲಿ ಅಂದ್ರೆ ಎಷ್ಟು ಜನ?" ಅಂತ ಕೇಳಿದೆ.

"ಗಂಡ, ಹೆಂಡ್ತಿ, ಮಕ್ಕಳು. ಯಾಕಪ್ಪ?"

"ಗಂಡ, ಹೆಂಡ್ತಿ, ಮಕ್ಕಳು ಕಟ್ಟೂ ಒಡ್ಡಲ್ಲ ತಂಗಿ ಇದು. ಮಣ್ಣು ಹೊತ್ತವರು ಯಾರು ಅಂತ ಕೇಳು."

ಮಗಳು ಕೇಳಲಿಲ್ಲ. ಆಮೇಲೆ ಹೇಳ್ತೀನಿ ಅಂದಳು. ನಾನು ಅಳಿಯನ ಮುಖ ನೋಡಿದೆ, ಅವರು ಫೋನು ನೋಡಿದರು. ಸರಿ, ಮಗುವನ್ನು ಮಗಳ ಕೈಗೆ ಕೊಟ್ಟು, ನಾನೇ ಆ ಹೆಂಗಸಿನ ಎದುರು ಹೋಗಿ ನಿಂತೆ. ಒಡ್ಡು ತೋರಿಸಿದೆ. ಬಗ್ಗಿ ಮಣ್ಣು ತುಂಬಿ, ತಲೆಯ ಮೇಲೆ ಹೆಡಿಗೆ ಎತ್ತಿಟ್ಟು ನಡೆಯುವ ಹಾಗೆ ಅಭಿನಯಿಸಿ, ಯಾರು ಅಂತ ಕೈ ತಿರುಗಿಸಿದೆ. ಯಾರೋ ಕಿಸಕ್ಕನೆ ನಕ್ಕರು. ಆ ಹೆಂಗಸು ನಗಲಿಲ್ಲ. ನನ್ನನ್ನೇ ನೋಡಿ ನಿಧಾನವಾಗಿ ಉತ್ತರ ಕೊಟ್ಟಳು. ಎಲ್ಲರೂ ನೋಡುತ್ತಿದ್ದುದರಿಂದ ಅಳಿಯ ಕನ್ನಡ ಮಾಡಲೇಬೇಕಾಯಿತು.

ಆಫ್ರಿಕಾದಿಂದ ಹಿಡಿದು, ಹಡಗಿನಲ್ಲಿ ತುಂಬಿ ತಂದು ಮಾರಿದ ಜನ. ಅವರಲ್ಲಿ ಎಷ್ಟೋ ಮಂದಿ ತಮ್ಮ ಊರಿನ ಹೊಳೆಬಾಯಿಯಲ್ಲಿ ಭತ್ತ ಬೆಳೆಯುತ್ತಿದ್ದವರೇ. ಇಲ್ಲಿ ದೊಡ್ಡ ದೊಡ್ಡ ಮರಗಳ ಬೇರು ಕಿತ್ತು, ಹಾವು ಮೊಸಳೆಗಳ ನೀರಿನಲ್ಲಿ ನಿಂತು ಒಡ್ಡು ಹಾಕಿದವರು ಅವರು, ಅವರ ಮಕ್ಕಳು, ಮೊಮ್ಮಕ್ಕಳು. ಜ್ವರಕ್ಕೆ ಕೂಸುಗಳು ಉಳಿಯುತ್ತಿರಲಿಲ್ಲ. ಹೂಳಿದ ಜಾಗ ಮರಗಳಾಚೆ ಇದೆ, ಮೇಲೆ ಕಲ್ಲಿಲ್ಲ. ಅವರು ಇರುತ್ತಿದ್ದದ್ದು ಆ ಇಟ್ಟಿಗೆಯ ಕೋಣೆಗಳಲ್ಲಿ.

ನಾನು ಪಂಚೆ ಉಟ್ಟ ಡ್ರೆಸ್ಸಿಂಗ್ ರೂಮು.

ಮಗಳನ್ನು ಪಕ್ಕಕ್ಕೆ ಕರೆದು, ನಿಂಗೆ ಗೊತ್ತಿತ್ತಾ ಅಂತ ಕೇಳಿದೆ. ಗೊತ್ತಿತ್ತು ಅಂದಳು. ವೆಬ್‌ಸೈಟಲ್ಲೇ ಇದೆ, ಇಲ್ಲಿ ಎಲ್ಲರಿಗೂ ಗೊತ್ತಿರುತ್ತೆ, ಎಷ್ಟು ಜನ ಇಲ್ಲಿ ಮದುವೆ ಆಗ್ತಾರೆ ಅಂದಳು. ಗೊತ್ತಿಲ್ಲದೆ ಮಾಡಿದ್ದರೆ ನನ್ನ ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತೋ ಏನೋ. ಗೊತ್ತಿದ್ದೂ, ಗೋಡೆಗೆ ಹೂವಿನ ಮಾಲೆ ಇಳಿಬಿಟ್ಟು, ತೊಟ್ಟಿಲ ಪಕ್ಕ ಬಲೂನು ಕಟ್ಟಿದ್ದಾಳಲ್ಲ ಅಂತ ಮೈಯೆಲ್ಲ ಉರಿಯಿತು. ಅದೂ ನನ್ನ ಅವ್ವನ ಮೊಮ್ಮಗಳು.

"ಬೆಳೆದವರ ಮಕ್ಕಳ ಬಾಯಿಗೆ ಹೋಗದ ಅನ್ನದ ಜಾಗ ಇದು. ಇಲ್ಲಿ ನಾನು ನನ್ನ ಕೂಸಿಗೆ ಮೊದಲ ತುತ್ತು ಇಡೂದಿಲ್ಲ," ಅಂದೆ.

ಅಳಿಯ ಸಮಾಧಾನದ ಮನುಷ್ಯ, ಬ್ಯಾಂಕಿನ ಕಂಪ್ಯೂಟರ್ ಕೆಲಸದವರು. ಮಾವ, ಅದೆಲ್ಲ ಯಾವತ್ತಿನದೋ ಹಿಸ್ಟರಿ, ಈಗ ಅದಕ್ಕೂ ನಮಗೂ ಏನು ಸಂಬಂಧ ಅಂದರು. ಅವರು ಹಾಗೆ ಅನ್ನುತ್ತಿರುವಾಗ ಹಿಂದೆ ಹಜಾರದಲ್ಲಿ ಕುರ್ಚಿ ಹೊತ್ತು ಹಾಕುತ್ತಿದ್ದವರೆಲ್ಲ ಕಪ್ಪು ಜನ. ಅವರಲ್ಲಿ ಯಾರ ಅಜ್ಜನ ಅಜ್ಜ ಈ ಒಡ್ಡಿನವನೋ, ಕೇಳುವ ಭಾಷೆ ನನಗಿಲ್ಲ. ಮಗಳಿಗೆ ಕೇಳು ಅಂದರೆ, ಹಾಗೆಲ್ಲ ಕೇಳಬಾರದು ಅಂದಳು. ಕೇಳಬಾರದಂತೆ, ಆದರೆ ಅವರು ಹಾಕಿದ ಕುರ್ಚಿಯಲ್ಲಿ ಕೂತು ಜಾಗ ಬ್ಯೂಟಿಫುಲ್ ಅನ್ನಬಹುದಂತೆ.

ಆಗ ಬೀಗಿತ್ತಿ ಬಂದರು.

"ಬೀಗರೇ, ಯಾರೂ ಸಾಯದೇ ಇರೋ ಜಾಗ ಪ್ರಪಂಚದಲ್ಲಿ ಎಲ್ಲಿದೆ ತೋರಿಸಿ, ಅಲ್ಲೇ ಮಾಡೋಣ. ನಮ್ಮೂರಿಗೆ ಅರಮನೆ ನೋಡೋಕೆ ಬರೋರು ಕಲ್ಲು ಹೊತ್ತೋರು ಯಾರು ಅಂತ ಕೇಳ್ತಾರಾ?"

"ಕೇಳಬೇಕಿತ್ತು," ಅಂದೆ.

"ಸರಿ, ನೀವು ಕೇಳ್ತಾ ಇರಿ. ಮುಹೂರ್ತ ನಿಲ್ಲಲ್ಲ. ನೀವು ಇಡದಿದ್ರೆ ನಾನಿಡ್ತೀನಿ."

ಅವರ ಮಾತು ತಪ್ಪಲ್ಲ, ಅವರ ದೃಷ್ಟಿಯಲ್ಲಿ. ಮಗುವಿಗೆ ಒಳ್ಳೆಯದಾಗಲಿ ಅಂತಲೇ ಅವರೂ ಓಡಾಡುತ್ತಿದ್ದದ್ದು. ಹಜಾರದಲ್ಲಿ ಬೆಳ್ಳಿಯ ಬಟ್ಟಲು, ಪಾಯಸ, ಚಿನ್ನದ ಉಂಗುರ ಎಲ್ಲ ಇಟ್ಟಾಗಿತ್ತು. ಮಗಳ ತೊಡೆಯ ಮೇಲಿದ್ದ ಮಗು ನನ್ನನ್ನು ನೋಡಿ ಎರಡೂ ಕೈ ಚಾಚಿತು. ಅದೊಂದು ಇಲ್ಲದಿದ್ದರೆ ಹೊರಟುಬರುವುದು ಸುಲಭವಾಗಿರುತ್ತಿತ್ತು. ಇಂಥ ದಿನಕ್ಕೆಂದೇ ನಾನು ಅರ್ಧ ಪ್ರಪಂಚ ದಾಟಿ ಬಂದವನು. ಹೋಗಿ ಕೂತುಬಿಡಲೇ ಅನ್ನಿಸಿತು. ಅವ್ವನ ಮುಖದ ಮೇಲಿನ ಕೆಸರುನೀರು ಕಣ್ಣಿಗೆ ಬಂತು. ತಿರುಗಿ ನಡೆದೆ. ಹಿಂದೆ ಮಗು ಅತ್ತದ್ದು ಕೇಳಿಸಿತು, ಆಮೇಲೆ ಮಂತ್ರ ಕೇಳಿಸಿತು.

ಗೇಟಿನ ಹೊರಗೆ ರಸ್ತೆ ಸೇತುವೆಯ ಕಡೆ ಇಳಿಯುತ್ತದೆ. ಸೇತುವೆಯ ಬುಡದಲ್ಲಿ ಊರವರೆಲ್ಲ ದೋಣಿ ಇಳಿಸುವ ಜಾಗ, ಮರದ ಮೇಜು, ಬೆಂಚು. ಅಲ್ಲಿ ಒಬ್ಬ ಕಪ್ಪು ಮುದುಕ, ನನ್ನದೇ ವಯಸ್ಸಿನವನು, ಬೀಸುಬಲೆ ಹಾಕುತ್ತಿದ್ದ. ಬಲೆ ಗುಂಡಗೆ ಅರಳಿ ನೀರಿಗೆ ಬೀಳುವುದನ್ನು ನೋಡಿದರೆ ನಮ್ಮೂರಿನ ಕೈಯೇ. ನನ್ನ ಪಂಚೆ ನೋಡಿ ತಲೆಯಾಡಿಸಿದ, ನಾನೂ ಆಡಿಸಿದೆ. ಅವನ ಮಾತು ನನಗೆ ಬಂದಿದ್ದರೂ ಏನು ಹೇಳಲಿ? ಬೆಂಚಿನ ಮೇಲೆ ಕೂತೆ. ನಾಳೆ ನಮ್ಮ ಒಡೆಯರ ಮನೆಯನ್ನೂ ಯಾರೋ ಬಣ್ಣ ಬಳಿದು ಬಾಡಿಗೆಗೆ ಕೊಡುತ್ತಾರೆ. ಅವ್ವ ಪಾತ್ರೆ ಹಿಡಿದು ನಿಂತ ಅಂಗಳದಲ್ಲಿ ಯಾರದೋ ಮಗು ಕೇಕು ಕತ್ತರಿಸುತ್ತದೆ. ಆಗ ಕೇಳಲು ನಾನಿರುತ್ತೇನಾ?

ಉಬ್ಬರ ಏರಿ ಕೆಸರೆಲ್ಲ ಮುಚ್ಚಿದ ಹೊತ್ತಿಗೆ ಮಗಳ ಕಾರು ಬಂತು. ಸೀರೆಯನ್ನು ಎತ್ತಿ ಹಿಡಿದು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಇಳಿದು ಬಂದು ಎದುರು ಕೂತಳು.

"ಅತ್ತೆ ಇಟ್ರು," ಅಂದಳು.

"ತಿಂದ್ಲಾ?"

"ತಿಂದ್ಲು. ಚಪ್ಪರಿಸಿದ್ಲು."

ಹೋಯಿತು. ಮೊದಲ ತುತ್ತು ಒಂದೇ ಇರುವುದು, ಅದು ನನ್ನದಾಗಲಿಲ್ಲ. ಆದರೂ ಅಲ್ಲಿಗೆ ಹೋಗಿ ಕೂರಬೇಕಿತ್ತು ಅಂತ ಅನ್ನಿಸಲಿಲ್ಲ.

"ನಿಂಗೆ ಖುಷಿಯಾಗ್ಲಿ ಅಂತ ಮಾಡಿದ್ದಪ್ಪ ನಾನು."

"ಗೊತ್ತು ತಂಗಿ. ಅದಕ್ಕೇ ಜಾಸ್ತಿ ಸಿಟ್ಟು."

ಅವಳು ಚೀಲದಿಂದ ನನ್ನ ಸ್ಟೀಲಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು, ಮಗುವಿನ ಬಟ್ಟಲು. ಅಲ್ಲಿ ಇದರ ಮುಚ್ಚಳ ತೆಗೀಲಿಲ್ಲ ಅಂದಳು. ಅವಳು ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಗ್ಗದ ಪುಡಿಗೆ ಬಿಸಿನೀರು ಹಾಕಿ, ಗಂಟಾಗದ ಹಾಗೆ ತಿರುವಿ, ಆರಿಸಿ, ಬೆರಳಿನಲ್ಲಿ ಮಗುವಿನ ಬಾಯಿಗೆ ಇಟ್ಟೆ. ಮೊದಲು ಮುಖ ಹುಳ್ಳಗೆ ಮಾಡಿತು. ಆಮೇಲೆ ಹೊಸ ಹಲ್ಲಿನಿಂದ ನನ್ನ ಬೆರಳನ್ನು ಕಚ್ಚಿ ಹಿಡಿದು, ಬಿಡಿಸಿಕೊಂಡರೆ ಮತ್ತೆ ಬಾಯಿ ತೆರೆಯಿತು. ಬಟ್ಟಲು ಖಾಲಿಯಾಗುವವರೆಗೂ ತೆರೆಯುತ್ತಲೇ ಇತ್ತು. ಬಲೆಯ ಮುದುಕ ನೋಡಿ ನಕ್ಕ. ಇದು ನನ್ನ ಮೊಮ್ಮಗಳು ಅಂದೆ.

ಆ ಫೋಟೋ ಮಾತ್ರ ಗೋಡೆಗೆ ಬಂತು. ತೆಗೆಸು ಅಂತ ನಾನು ಹೇಳಿಲ್ಲ, ಮನೆ ಅವರದು. ನಾನು ಊರಿಗೆ ಹೋಗಿ ಈ ಸಲ ಮತ್ತೆ ಬರುವಷ್ಟರಲ್ಲಿ ಮೊಮ್ಮಗಳು ಮಾತು ಕಲಿತಿದ್ದಾಳೆ. ಮೊನ್ನೆ ಸೋಫಾ ಹತ್ತಿ, ಫೋಟೋದಲ್ಲಿ ಒಬ್ಬೊಬ್ಬರ ಮೇಲೂ ಬೆರಳಿಟ್ಟು, ವೇರ್ ಈಸ್ ಅಜ್ಜ ಅಂತ ಕೇಳಿದಳು. ಇದರಲ್ಲಿ ಅಜ್ಜ ಇಲ್ಲ ಅಂದೆ. ಅವಳ ಬೆರಳು ಹಿಡಿದು ಫೋಟೋದ ಅಂಚಿಗೆ, ಮರಗಳ ಸಂದಿಯಲ್ಲಿ ಕಾಣುವ ಒಂದು ಕಪ್ಪು ಗೆರೆಯ ಮೇಲೆ ಇಟ್ಟೆ. ಇದು ಒಡ್ಡು ಅಂದೆ. ಅವಳೂ ಒಡ್ಡು ಅಂದಳು. ಅಡುಗೆಮನೆಯಲ್ಲಿ ಮಗಳು ಮಿಕ್ಸಿ ನಿಲ್ಲಿಸಿ ಕೇಳಿಸಿಕೊಂಡಳು.