ಜೇಬು ಹೊಲಿಯುವವಳ ಮೊದಲ ಅಂಗಿ

ಒಂಬತ್ತು ವರ್ಷ ನಾನು ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು ಹೊಲಿದೆ. ಐದು ವರ್ಷ ರಾಯದುರ್ಗದಲ್ಲಿ, ನಾಲ್ಕು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ. ಊರು ಬದಲಾಯಿತು, ಜೇಬು ಬದಲಾಗಲಿಲ್ಲ. ಕತ್ತರಿಸಿದ ತುಂಡುಗಳು ಕಟ್ಟುಕಟ್ಟಾಗಿ ನನ್ನ ಮೆಷಿನ್ ಮುಂದೆ ಬಂದು ಬೀಳುತ್ತಿದ್ದವು. ಜೇಬು ಕೂರಿಸಿ ಪಕ್ಕದವಳ ಕಡೆ ತಳ್ಳುತ್ತಿದ್ದೆ. ಆ ಬಟ್ಟೆಯ ನೀಲಿ ಧೂಳಿನಿಂದ ಕೆಮ್ಮು ಹತ್ತಿತು. ಈ ಕೆಲಸ ಬಿಡದಿದ್ದರೆ ನನ್ನ ಹತ್ತಿರ ಬರಲೇಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಆಗ ನನ್ನನ್ನೂ ನನ್ನ ಗಂಡನನ್ನೂ ಕರೆದದ್ದು ಅಮರಾಪುರದ ಹತ್ತಿರದ ಒಂದು ಪರಿಸರ ಹಳ್ಳಿ. ಹದಿನಾಲ್ಕು ಮನೆ, ಎಲ್ಲವೂ ಮಣ್ಣಿನವು. ಬಿಸಿಲಿನಿಂದ ದೀಪ, ಪಾಯಿಖಾನೆಯಿಂದ ಗೊಬ್ಬರ, ಎಲ್ಲರಿಗೂ ಒಂದೇ ಅಡುಗೆಮನೆ. ಕೈಯಲ್ಲಿ ಮಾಡಿಕೊಳ್ಳಬಹುದಾದದ್ದನ್ನು ಪೇಟೆಯಿಂದ ತರಬಾರದು ಎಂಬುದು ಅಲ್ಲಿನ ಕಟ್ಟುಪಾಡು. ನಮ್ಮಜ್ಜಿ ಸಾಕಪ್ಪಾ ಸಾಕು ಎಂದು ಬಿಟ್ಟ ಕೆಲಸಗಳನ್ನೆಲ್ಲ ಓದಿದವರು ಹುಡುಕಿಕೊಂಡು ಬಂದು ಹಿಡಿದಿದ್ದರು. ಮೊದಲ ವಾರ ನನಗೆ ನಗು ತಡೆಯಲಾಗಲಿಲ್ಲ. ಗಂಡನಿಗೆ ಕುರಿ ನೋಡಿಕೊಳ್ಳುವ ಕೆಲಸ ಕೊಟ್ಟರು. ನನಗೆ ಹೊಲಿಗೆ ಬರುತ್ತದೆಯೇ ಎಂದು ಕೇಳಿದರು.

"ಬರ್ತೈತ್ರಿ. ಒಂಬತ್ತು ವರ್ಷ ಹೊಲ್ದೀನ್ರಿ" ಎಂದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಂದು ತಿಂಗಳು ನೋಡಿ, ಇವರನ್ನು ಉಳಿಸಿಕೊಳ್ಳುವುದೋ ಬೇಡವೋ ಎಲ್ಲರೂ ಕೂತು ತೀರ್ಮಾನಿಸೋಣ ಎಂದರು.

ಆ ಹಳ್ಳಿಗೆ ಜಾಗ ಕೊಟ್ಟವರು ಒಬ್ಬ ರೈತ ತಾತ ಮತ್ತು ಅವರ ಹೆಂಡತಿ. ಆ ಅಜ್ಜಿ ಶೇಂಗಾ ಹೊಲದ ಬದುವಿನಲ್ಲಿ ಹತ್ತಿ ಬೆಳೆದು, ವರ್ಷವೆಲ್ಲ ನೂಲು ತೆಗೆದು, ಅಲ್ಲಿದ್ದ ಒಂದೇ ಮಗ್ಗದಲ್ಲಿ ನೇಯಿಸಿದ ಬಟ್ಟೆಯನ್ನು ನನ್ನ ಕೈಗಿಟ್ಟರು. "ಮೆತ್ತಗೈತೆ ನೋಡಮ್ಮ. ಅವ್ರಿಗೊಂದು ಅಂಗಿ ಹೊಲ್ಕೊಡು" ಎಂದರು.

ಕತ್ತರಿ ಹಿಡಿದು ಗೊತ್ತಿದ್ದರೆ ತಾನೆ? ತಾತನ ಹಳೆಯ ಅಂಗಿಯನ್ನು ಬಟ್ಟೆಯ ಮೇಲೆ ಹಾಸಿ, ಅಂಚಿನಗುಂಟ ಸೀಮೆಸುಣ್ಣ ಎಳೆದು ಕತ್ತರಿಸಿದೆ. ಹೊಲಿಗೆಗೆಂದು ಸುತ್ತ ಒಂದು ಬೆರಳು ಹೆಚ್ಚಿಗೆ ಬಿಡಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ಫ್ಯಾಕ್ಟರಿಯಲ್ಲಿ ಅದನ್ನು ಯಾರೋ ಬಿಟ್ಟೇ ಕಳಿಸುತ್ತಿದ್ದರು. ಹೊಲಿದ ಅಂಗಿಯಲ್ಲಿ ತಾತನ ಒಂದು ಕೈ ತೂರಿತು, ಇನ್ನೊಂದು ತೂರಲಿಲ್ಲ. ಅವರು ಕಳಚಿ, ಮಡಚಿ, ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ನನಗ ಜೇಬು ಒಂದ ಬರ್ತೈತ್ರಿ ಅಮ್ಮಾರ. ಅಂಗಿ ಬರಂಗಿಲ್ಲ" ಎಂದು ಅತ್ತುಬಿಟ್ಟೆ.

"ಒಂಬತ್ತು ವರ್ಷ ಬರೀ ಜೋಬಾ?" ಎಂದರು ಅಜ್ಜಿ.

"ಹೌದ್ರಿ. ಅದೂ ಬಲಗಡೀದು."

ಅಜ್ಜಿಗೆ ನಗು ಬಂತು. ನನಗೆ ಬರಲಿಲ್ಲ. ಭಾನುವಾರ ಹೊಂಗೆ ಮರದ ಕೆಳಗೆ ಎಲ್ಲರೂ ಸೇರಿದರು. ಬೆಂಗಳೂರಿನಿಂದ ಬಂದು ತೋಟ ನೋಡಿಕೊಳ್ಳುತ್ತಿದ್ದವರೊಬ್ಬರು, ವರ್ಷದ ನೂಲು ಹಾಳಾಯಿತು, ಇನ್ನು ಮಡಕಶಿರದ ಟೈಲರಿಗೇ ಕೊಡೋಣ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಗಂಡ ನೆಲ ನೋಡುತ್ತ ಕೂತಿದ್ದ. ಮತ್ತೆ ಆ ಮೆಷಿನ್, ಆ ಧೂಳು ಎಂದುಕೊಂಡೆ.

ಅಜ್ಜಿ ಕೂತಲ್ಲಿಂದಲೇ ಆ ತೋಟದವರನ್ನು ಕೇಳಿದರು: "ನೀನು ಬಂದ ಹೊಸದ್ರಲ್ಲಿ ರಾಗಿ ಪೈರು ಕಿತ್ತಾಕಿ ಕಳೆ ಉಳಿಸ್ದ್ಯಲ್ಲಪ್ಪ, ನಿನ್ನ ಯಾವ ಬಸ್ಸಿಗೆ ಹತ್ತಿಸಿದ್ವಿ?"

ಎಲ್ಲರೂ ನಕ್ಕರು, ಅವರೂ ನಕ್ಕರು. "ನೂಲು ನಂದು. ಈಯಮ್ಮ ಇಲ್ಲೇ ಇರ್ಲಿ, ಕಲ್ತ್ಕಂತಾಳೆ" ಎಂದು ಅಜ್ಜಿ ಮಾತು ಮುಗಿಸಿದರು. ಅಲ್ಲಿಗೆ ತೀರ್ಮಾನವಾಯಿತು.

ಮರುದಿನ ಅಜ್ಜಿ, ನಾನು ಇಬ್ಬರೂ ಕೂತು ತಾತನ ಹಳೆಯ ಅಂಗಿಯ ಹೊಲಿಗೆ ಬಿಚ್ಚಿದೆವು. ಬೆನ್ನು, ತೋಳು, ಕಾಲರು, ಎಲ್ಲವನ್ನೂ ಚಾಪೆಯ ಮೇಲೆ ಹರಡಿದಾಗ ಒಂದು ಅಂಗಿಯಲ್ಲಿ ಇಷ್ಟೆಲ್ಲ ಇರುತ್ತದೆಯೇ ಎನಿಸಿತು. ಪ್ರತಿ ತುಂಡಿನ ಅಂಚಿನಲ್ಲೂ ಒಳಗೆ ಮಡಚಿಟ್ಟ ಬಟ್ಟೆ ಇತ್ತು. ಹರಿದ ಪಂಚೆ, ಹಳೇ ಸೀರೆಗಳ ಮೇಲೆ ತಿಂಗಳುಗಟ್ಟಲೆ ಕತ್ತರಿಸಿ ಕಲಿತೆ. ಕೆಮ್ಮು ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ.

ಅಷ್ಟರಲ್ಲಿ ಅಜ್ಜಿ ಮತ್ತೆ ಹತ್ತಿ ಬಿಡಿಸಿ, ಮತ್ತೊಂದು ವರ್ಷ ನೂಲು ತೆಗೆದರು. ನೇಯಿಸಿದ ಬಟ್ಟೆಯನ್ನು ಪುನಃ ನನಗೇ ತಂದುಕೊಟ್ಟರು. ಈ ಸಲ ಹುಷಾರು ಎಂದು ಸಹ ಹೇಳಲಿಲ್ಲ. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ನಂಬಿರಲಿಲ್ಲ; ಆ ಋಣ ನನ್ನಿಂದ ತೀರುವಂಥದ್ದಲ್ಲ.

ತಾತ ಹೊಸ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು, ಎರಡೂ ಕೈ ಮೇಲೆತ್ತಿ ನೋಡಿ, ಹೊಲದ ಕಡೆ ಹೊರಟರು. ನಾನು ಬಾಗಿಲಲ್ಲೇ ನಿಂತೆ. ಒಂಬತ್ತು ವರ್ಷ ಹೊಲಿದಿದ್ದರೂ, ನಾನು ಹೊಲಿದದ್ದನ್ನು ತೊಟ್ಟು ಒಬ್ಬ ಮನುಷ್ಯ ನಡೆದುಹೋಗುವುದನ್ನು ನಾನು ನೋಡಿದ್ದು ಅದೇ ಮೊದಲು.