ಕಾಸು ಕೊಟ್ಟ ಅಳಿಯ

ಆಗೆಲ್ಲ ಕುಣಿಗಲ್ ಬಸ್ ಸ್ಟ್ಯಾಂಡಿನ ಕಾಂಪೌಂಡಿಗೆ ಒರಗಿಕೊಂಡೇ ಅರ್ಧ ಊರು ವ್ಯಾಪಾರ ಮಾಡುತ್ತಿತ್ತು. ಅಮ್ಮನದು ಸೀಬೆಹಣ್ಣಿನ ಬುಟ್ಟಿ. ಹಣ್ಣನ್ನು ನಾಲ್ಕಾಗಿ ಸೀಳಿ ಉಪ್ಪುಖಾರ ಸವರುವಷ್ಟರಲ್ಲಿ ಬಸ್ಸಿನ ಕಿಟಕಿಗಳಿಂದ ಕೈಗಳು ಚಾಚುತ್ತಿದ್ದವು. ಪಕ್ಕದಲ್ಲಿ ಖೈರುನ್ನಮ್ಮನ ಬಳೆ ಅಂಗಡಿ. ಸ್ಕೂಲು ಬಿಟ್ಟ ಮೇಲೆ ಅವರಿಬ್ಬರ ನಡುವೆ ಕೂತು ನಾನು ಹೋಮ್‌ವರ್ಕ್ ಮಾಡುತ್ತಿದ್ದೆ.

ಫುಟ್‌ಪಾತಿನವರಿಗೆ ಎಲ್ಲರ ಮೇಲೂ ಅನುಮಾನ, ಪೊಲೀಸರ ಮೇಲಂತೂ ಕೇಳುವುದೇ ಬೇಡ. ಖಾಕಿ ಮೊದಲು ಕಂಡವರು "ಅಳಿಯ ಬಂದ" ಅನ್ನಬೇಕು, ಉಳಿದವರು ಬುಟ್ಟಿ ಎತ್ತಬೇಕು. ಯಾಕೆ ಅಳಿಯ ಎಂದು ಒಮ್ಮೆ ಕೇಳಿದ್ದೆ.

"ಬುಟ್ಟೀಲಿ ಚೆಂದಾಗಿರೋದ್ನೇ ಆರಿಸ್ತಾನೆ, ಕಾಸು ಕೊಡಲ್ಲ, ನಾವು ನಗ್ತಾ ಕೊಡ್ಬೇಕು. ಅಳಿಯ ಅಲ್ದೆ ಮತ್ತೇನು?" ಅಂದಿದ್ದರು ಖೈರುನ್ನಮ್ಮ.

ಇಂಥ ಮಾತುಗಳನ್ನು ಕೂಡಿಡುವ ಹುಚ್ಚು ನನಗೆ. ಐದನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸುಮಾಗೂ ಅದೇ ಹುಚ್ಚು. ಅವಳಪ್ಪ ಕಾನ್‌ಸ್ಟೇಬಲ್, ಮನೆ ಪೊಲೀಸ್ ಕ್ವಾರ್ಟರ್ಸಿನಲ್ಲಿ. ನೋಟ್‌ಬುಕ್ಕಿನ ಹಾಳೆಗೆ ಗೆರೆ ಎಳೆದು ಒಂದು ಕಡೆ ಪೊಲೀಸರ ಅಡ್ಡಹೆಸರು, ಇನ್ನೊಂದು ಕಡೆ ಅದು ಬಂದ ಕಾರಣ ಬರೆಯುತ್ತಿದ್ದೆವು. ಟೋಪಿ: ಲಾರಿಯವರಿಗೆ ದೂರದಿಂದ ಕಾಣುವುದು ಅದೊಂದೇ. ಮಾಮ: ಬೈದ ಹಾಗೂ ಇರಬಾರದು, ಹೆದರಿದ ಹಾಗೂ ಇರಬಾರದು. ಇದು ಸುಮಾಳ ಸಂಶೋಧನೆ. ಚೇಳೂರಿನಲ್ಲಿದ್ದ ಅವಳಜ್ಜಿ ಹೆತ್ತ ಮಗನನ್ನೇ ಪೊಲೀಸಪ್ಪ ಎಂದು ಕರೆಯುತ್ತಿದ್ದರಂತೆ. ಅದು ಭಯಕ್ಕೋ ಹೆಮ್ಮೆಗೋ ಗೊತ್ತಾಗದೆ ಆ ಜಾಗ ಖಾಲಿ ಬಿಟ್ಟು ಬಿದ್ದು ಬಿದ್ದು ನಕ್ಕಿದ್ದೆವು.

ಒಂದು ದಿನ ತಡೆಯಲಾಗದೆ ಫುಟ್‌ಪಾತಿನ ಗುಟ್ಟಾದ "ಅಳಿಯ"ನನ್ನೂ ಬರೆದೆ, ಕಾರಣದ ಸಮೇತ. ಸುಮಾ ನಗಲಿಲ್ಲ.

"ನಮ್ಮಪ್ಪನೂ ಹಂಗೇ ಎತ್ಕೊತಾರಾ?"

"ಎಲ್ರೂ ಅಷ್ಟೇ ಕಣೇ," ಅಂದೆ.

ಅವಳು ನೋಟ್‌ಬುಕ್ಕನ್ನು ಮನೆಗೆ ಒಯ್ದಳು. ಮರುದಿನ ಸಂಜೆ ಅವಳಪ್ಪ ನಮ್ಮ ಬುಟ್ಟಿಯ ಮುಂದೆ ನಿಂತಿದ್ದರು. ಎರಡು ಹಣ್ಣು ಆರಿಸಿ, ಜೇಬಿಗೆ ಕೈ ಹಾಕಿ ಕಾಸು ತೆಗೆದರು. ಅಮ್ಮನ ಕೈ ಮುಂದೆ ಬರಲಿಲ್ಲ.

"ಬ್ಯಾಡಿ ಸಾರ್, ಯಾವತ್ತೂ ಇಲ್ದಿದ್ದು..."

"ಇಟ್ಕೊಳ್ಳಮ್ಮ. ಇನ್ಮೇಲೆ ಅಳಿಯ ಅನ್ಬೇಡಿ. ಮನೇಲಿ ಮಗು ಕೇಳುತ್ತೆ."

ಕಾಸನ್ನು ಗೋಣಿಚೀಲದ ಮೇಲಿಟ್ಟು ಹೋದರು. ಇಡೀ ಫುಟ್‌ಪಾತು ಗಡಗಡ ನಡುಗಿತು.

"ಅಳಿಯ ಕಾಸು ಕೊಟ್ಟ ಅಂದ್ರೆ ಏನೋ ಐತೆ. ನಾಳೆ ಎಲ್ರುನ್ನೂ ಎಬ್ಬಿಸ್ತಾರೆ," ಅಂದರು ಖೈರುನ್ನಮ್ಮ.

ಅಮ್ಮ ನನ್ನ ಕಡೆ ತಿರುಗಿದಳು. "ನೀನೇನೇ ಬಾಯ್ ಬುಟ್ಟಿದ್ದು?"

"ನಾನಾಗಿ ಹೇಳಿಲ್ಲ ಕಣಮ್ಮ. ಸುಮಾನೇ ಕೆದಕಿ ಕೆದಕಿ ಕೇಳಿದ್ಲು. ಅವ್ರಪ್ಪ ಹೇಳ್ಕೊಟ್ಟು ಕಳ್ಸಿರ್ಬೇಕು."

ಅಷ್ಟು ಚೆಂದದ ಸುಳ್ಳು ನನ್ನ ಬಾಯಲ್ಲಿ ಹೇಗೆ ಬಂತೋ. ಮೂರು ದಿನ ಅಮ್ಮ ಬುಟ್ಟಿ ಹೊತ್ತು ಗಲ್ಲಿ ಗಲ್ಲಿ ತಿರುಗಿದಳು. ನಾನು ಕ್ಲಾಸಿನಲ್ಲಿ ಬೇರೆ ಬೆಂಚಿಗೆ ಹೋಗಿ ಕೂತೆ. ಆದರೆ ಯಾರನ್ನೂ ಎಬ್ಬಿಸಲು ಯಾವ ಪೊಲೀಸ್ ಜೀಪೂ ಬರಲಿಲ್ಲ. ಅವಳಪ್ಪ ವಾರಕ್ಕೊಮ್ಮೆ ಬಂದು ಕಾಸು ಕೊಟ್ಟೇ ಹಣ್ಣು ಒಯ್ಯುತ್ತಿದ್ದರು. ಅವರು ಅತ್ತ ಹೋದ ಮೇಲೆ ಅಮ್ಮ ಪ್ರತಿ ಸಲವೂ "ಏನ್ ಕಾಯ್ತಾವ್ನೋ" ಅನ್ನುತ್ತಿದ್ದಳು.

ಪರೀಕ್ಷೆ ಮುಗಿಯುವ ಹೊತ್ತಿಗೆ ಅವರಿಗೆ ಗುಬ್ಬಿಗೆ ವರ್ಗವಾಯಿತು. ಕೊನೆಯ ದಿನ ಸುಮಾ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟು ಹೋದಳು. ಅಳಿಯನ ಎದುರು ನಾನು ಬರೆದಿದ್ದ ಕಾರಣವನ್ನು ಹೊಡೆದುಹಾಕಿ ಪೆನ್ಸಿಲಿನಲ್ಲಿ ಬರೆದಿದ್ದಳು: "ನಮ್ಮಪ್ಪ ಈಗ ಕಾಸು ಕೊಡ್ತಾರೆ. ಬೇಕಾದ್ರೆ ನಿಮ್ಮಮ್ಮನ್ನ ಕೇಳು."

ಈಗ ಆ ಹಳೇ ಕಾಂಪೌಂಡೂ ಇಲ್ಲ, "ಅಳಿಯ ಬಂದ" ಅನ್ನುವವರೂ ಇಲ್ಲ. ಮೊನ್ನೆ ಕ್ಯಾತ್ಸಂದ್ರದಲ್ಲಿ ಪೊಲೀಸರೊಬ್ಬರು ಸೀಬೆಹಣ್ಣು ಕೊಂಡು ಫೋನಿನಲ್ಲಿ ದುಡ್ಡು ಹಾಕಿದರು. ಮಾರುವವಳು ತಲೆ ಕೂಡ ಎತ್ತಲಿಲ್ಲ. ಎಲ್ಲಾದರೂ ಜೀಪು ನಿಂತಿದೆಯಾ ಎಂದು ಸುತ್ತ ನೋಡಿದವಳು ನಾನೊಬ್ಬಳೇ. ಮನೆಗೆ ಬಂದು ಅಮ್ಮನಿಗೆ ಹೇಳಿದೆ.

"ಆ ಪೊಲೀಸ್ನೋರ ಹುಡ್ಗಿ ಆವತ್ತು ಎಂಗೆ ನಿನ್ ಬಾಯ್ ಬುಡ್ಸಿದ್ಲು, ನೆಪ್ಪೈತಾ?" ಅಂದಳು ಅಮ್ಮ.

ನಾನು ಹೂಂ ಅಂದೆ.