ಒತೀಲಿಯಾ ಕಾಯ್ದ ಗುಡ್ಡೆ

ಗಣಿಯ ಬಾಯಲ್ಲಿ ತೂಗುಹಾಕಿದ್ದ ಹಳಿಯ ತುಂಡು ಎರಡು ಸಲ ಢಣ್ ಎಂದಿತು. ಒಂದು ಪೆಟ್ಟಾದರೆ ಕಲ್ಲಿದ್ದಲು, ಎರಡಾದರೆ ಬರಿಗಲ್ಲು; ಕೆಳಗಿನಿಂದ ಹಗ್ಗ ಎಳೆದು ಹೀಗೆ ತಿಳಿಸುವುದು ಅಲ್ಲಿನ ರೂಢಿ. ಒತೀಲಿಯಾ ಬೆಲ್ಲದ ನೀರಿನ ಲೋಟವನ್ನು ಪಕ್ಕಕ್ಕಿಟ್ಟು, ಕಂಬಳಿಯ ಅಂಚನ್ನು ಹೆಗಲ ಮೇಲೆ ಎಸೆದುಕೊಂಡು ಎದ್ದಳು. ಬರಿಗಲ್ಲು ಅವಳ ಪಾಲಿನದು.

ಬೊಯಾಕಾ ಪ್ರಾಂತ್ಯದ ಆ ಚಳಿಬೆಟ್ಟಗಳಲ್ಲಿ ಗಂಡಸರು ನೆಲದೊಳಗೆ ಇಳಿಯುತ್ತಾರೆ, ಹೆಂಗಸರು ಮೇಲಿನ ಕೆಲಸ ನೋಡುತ್ತಾರೆ. ಹೆಂಗಸು ಒಳಗೆ ಕಾಲಿಟ್ಟರೆ ಗಣಿ ಮುನಿಯುತ್ತದೆ ಎಂಬ ಮಾತು ಇನ್ನೂ ಸತ್ತಿಲ್ಲ. ಒತೀಲಿಯಾಳ ಗಂಡ ಅನ್ಸೆಲ್ಮೊ ಬೆಳಿಗ್ಗೆ ನಡೆದುಕೊಂಡು ಒಳಗೆ ಹೋದವನು ಮಧ್ಯಾಹ್ನ ಬಂಡಿಯಲ್ಲಿ ಹೆಣವಾಗಿ ಮೇಲೆ ಬಂದ. ಯಾವ ಹೆಂಗಸೂ ಕಾಲಿಡದ ಗಣಿ ಅವತ್ತು ಯಾಕೆ ಮುನಿಯಿತು ಎಂದು ಅವಳು ಯಾರನ್ನೂ ಕೇಳಲಿಲ್ಲ. ತಿಂಗಳು ಕಳೆಯುವುದರೊಳಗೆ ಅವಳಿಗೆ ಬರಿಗಲ್ಲಿನ ಗುಡ್ಡೆಯ ಕೆಲಸ ಸಿಕ್ಕಿತು.

ಕಲ್ಲಿದ್ದಲಿನ ಪದರಕ್ಕೆ ದಾರಿ ಕೊರೆಯುವಾಗ ಒಡೆದ ಕಲ್ಲೆಲ್ಲ ಮೇಲೆ ಬರುತ್ತದೆ. ಅದನ್ನು ಗುಡ್ಡೆಯ ಮೇಲೆ ತೆಳ್ಳಗೆ ಹರಡಬೇಕು, ದಮ್ಮಸ್ಸು ಮಾಡಬೇಕು, ಮೇಲೆ ಜೇಡಿಮಣ್ಣು ಬಡಿಯಬೇಕು. ಆಮೇಲೆ ಮುಂದಿನ ಪದರ. ಸಂದಿನಲ್ಲಿ ಗಾಳಿಯಾಡಬಾರದು. ಕಲ್ಲಿನ ಜೊತೆ ಬಂದ ಕಲ್ಲಿದ್ದಲ ಚೂರಿಗೆ ಗಾಳಿ ಸಿಕ್ಕರೆ, ಯಾರೂ ಕಡ್ಡಿ ಗೀರದೆಯೇ ಅದು ಒಳಗೊಳಗೆ ಕಾಯುತ್ತದೆ. ಮೇಸ್ತ್ರಿ ಇದನ್ನೆಲ್ಲ ಮೊದಲ ದಿನವೇ ಹೇಳಿಕೊಟ್ಟಿದ್ದ. ಅವಳೂ ತಲೆಯಾಡಿಸಿದ್ದಳು.

ಆದರೆ ಆ ಊರಿಗೆ ಇನ್ನೊಂದು ಪದ್ಧತಿಯಿತ್ತು. ಸತ್ತ ಗೆಳೆಯನ ಹೆಂಡತಿಯ ಕೈಗೆ ಏನನ್ನಾದರೂ ಇಟ್ಟರೆ ಅದು ಭಿಕ್ಷೆಯಾಗುತ್ತದೆ. ಅದಕ್ಕೇ ಗಂಡಸರು ಬರಿಗಲ್ಲಿನ ಬಂಡಿ ತುಂಬುವಾಗ ತಳದಲ್ಲಿ ನಾಲ್ಕು ಒಳ್ಳೆಯ ಕಲ್ಲಿದ್ದಲಿನ ಗಟ್ಟಿಗಳನ್ನಿಟ್ಟು ಮೇಲೆ ಕಲ್ಲು ಮುಚ್ಚುತ್ತಿದ್ದರು. ಬಂಡಿ ಗುಡ್ಡೆಯಲ್ಲಿ ಮಗುಚಿದ ಮೇಲೆ ವಿಧವೆಯರು ಬುಟ್ಟಿ ಹಿಡಿದು ಬಂದು ಆಯುತ್ತಿದ್ದರು. ಕೊಟ್ಟವರಿಲ್ಲ, ಬೇಡಿದವರಿಲ್ಲ; ಕಲ್ಲಿನ ನಡುವೆ ಸಿಕ್ಕಿತು, ಅಷ್ಟೆ. ಆ ವಿಷಯವನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮೇಸ್ತ್ರಿಗೂ ಗೊತ್ತಿತ್ತು. ಅವನ ತಾಯಿಯೂ ಆಯ್ದವಳೇ.

ಒತೀಲಿಯಾಳಿಗೆ ಗಟ್ಟಿ ಕಳಿಸುತ್ತಿದ್ದವನು ಕ್ರಿಸಾಂತೊ. ಅನ್ಸೆಲ್ಮೊನ ಜೋಡಿಯಾಗಿ ವರ್ಷಗಟ್ಟಲೆ ಕಲ್ಲು ಕಡಿದವನು. ಅವಳ ಮಗಳ ದೀಕ್ಷಾಸ್ನಾನಕ್ಕೆ ಜ್ಞಾನತಂದೆಯಾಗಿ ನಿಂತವನು. ಆ ನಂಟಿಗೆ ಅವನು ಅವಳನ್ನು ಕೊಮಾದ್ರೆ ಎನ್ನುತ್ತಿದ್ದ, ಅವಳು ಅವನನ್ನು ಕೊಂಪಾದ್ರೆ ಎನ್ನುತ್ತಿದ್ದಳು. ಅವನು ಇಟ್ಟ ಗಟ್ಟಿಗಳನ್ನು ಅವಳು ದೂರದಿಂದಲೇ ಗುರುತಿಸಬಲ್ಲವಳಾಗಿದ್ದಳು. ಬಂಡಿ ಮಗುಚಿದರೂ ಅಂಚು ಮುಕ್ಕಾಗದಂತೆ, ಮೊಟ್ಟೆ ಇಟ್ಟ ಹಾಗೆ, ಪುಡಿಗಲ್ಲಿನ ನಡುವೆ ಕೂರಿಸಿರುತ್ತಿದ್ದ. ಗಂಡ ಹೋದ ಮೇಲೆ ತನ್ನನ್ನೂ ಯಾರೋ ನೆನೆದರು ಎಂದು ಅವಳಿಗೆ ಅನಿಸುತ್ತಿದ್ದುದು ಅವು ಕೈಗೆ ತಾಗಿದ ಗಳಿಗೆಯಲ್ಲಿ ಮಾತ್ರ.

ಆಯುವವರಿಗೆ ಸಿಗಲಿ ಎಂದು ಅವಳು ಕಲ್ಲನ್ನು ಸಡಿಲವಾಗಿಯೇ ಬಿಡತೊಡಗಿದಳು. ದಮ್ಮಸ್ಸು ನಾಳೆಗೆ ಹೋಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಬಂಡಿ ಬಂದು ಮೇಲೆ ಮಗುಚುತ್ತಿತ್ತು. ಯಾರ ಕೈಗೂ ಎಟುಕದ ಕಲ್ಲಿದ್ದಲು ಅಡಿಯಲ್ಲೇ ಉಳಿಯಿತು.

ಒಂದು ಚಳಿಗಾಲ ಗುಡ್ಡೆಯ ಪೂರ್ವದ ಮಗ್ಗುಲು ಬೆಚ್ಚಗಾಯಿತು. ಅದನ್ನು ನೋಡಿ ಯಾರೂ ಹೆದರಲಿಲ್ಲ. ಬೆಳಗಿನ ಇಬ್ಬನಿಯಲ್ಲಿ ಕೈಬೆರಳು ಸೆಟೆದು ಬರುತ್ತಿದ್ದ ಹೆಂಗಸರು ಅಲ್ಲಿಯೇ ಕೂತು ಜೋಳದ ರೊಟ್ಟಿ ಬಿಚ್ಚತೊಡಗಿದರು. ಊರಿನ ಕೋಳಿಗಳೂ ಅಲ್ಲಿಗೇ ಬಂದವು. ಆಯುವವರಲ್ಲೆಲ್ಲ ಹಿರಿಯಳಾದ ತ್ರಾನ್ಸಿತೊ ತನ್ನ ಲಂಗವನ್ನು ಹರಡಿಕೊಂಡು ಅಲ್ಲಿ ರಾಣಿಯ ಹಾಗೆ ಕೂರುತ್ತಿದ್ದಳು.

"ನನ್ನ ಗಂಡ ಬದುಕಿದ್ದಾಗಲೂ ಇಷ್ಟು ಬೆಚ್ಚಗೆ ಇರ್ಲಿಲ್ಲ ಕಣ್ರೇ. ಈ ಗುಡ್ಡೆ ಕುಡಿಯೋದೂ ಇಲ್ಲ" ಎನ್ನುತ್ತಿದ್ದಳು. ಒತೀಲಿಯಾ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. ಆ ಬಿಸಿ ಏನೆಂದು ಅವಳಿಗೆ ಗೊತ್ತಿತ್ತು. ಗಂಧಕದ ವಾಸನೆ ಕೆಳಗಿನ ಮನೆಗಳಿಗೆ ಇಳಿಯುತ್ತಿದ್ದುದೂ ಗೊತ್ತಿತ್ತು. ಮಳೆ ಬಂದರೆ ಆರುತ್ತದೆ ಎಂದುಕೊಂಡಳು.

ಮಳೆ ಬಂತು, ಆರಲಿಲ್ಲ. ಮಂಜು ಮುಸುಕಿದ ಒಂದು ಮುಂಜಾನೆ ತ್ರಾನ್ಸಿತೊ ಒಂದು ಗಟ್ಟಿಗೆಂದು ಬಗ್ಗಿ ಕಾಲು ಮುಂದಿಟ್ಟಾಗ ನೆಲ ರೊಟ್ಟಿಯ ಹೊಪ್ಪಳೆಯಂತೆ ಮುರಿಯಿತು. ಅಡಿಯಲ್ಲಿ ಕೆಂಡ. ಹೆಂಗಸರೆಲ್ಲ ಸೇರಿ ಅವಳನ್ನು ಎಳೆದು ತೆಗೆದರು. ಕಲ್ಲಿದ್ದಲಿನ ಲಾರಿಯಲ್ಲಿ ಮಲಗಿಸಿ ಪಟ್ಟಣಕ್ಕೆ ಒಯ್ಯುವಾಗ ಮುದುಕಿ ಒತೀಲಿಯಾಳ ಕೈ ಹಿಡಿದುಕೊಂಡು ಒಂದೇ ಮಾತು ಹೇಳುತ್ತಿದ್ದಳು: "ಬೂಟು ಹೋಯ್ತಲ್ಲೇ. ಮಗಳು ಕೊಡಿಸಿದ್ದು." ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿದರು, ಅವಳು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮೇಸ್ತ್ರಿ ಒತೀಲಿಯಾಳನ್ನು ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಬಿಸಿಯಾದ ಮಗ್ಗುಲನ್ನು ಅಗೆದು ಹರಡಿ ಆರಿಸೋಣ, ಇನ್ನು ಮೇಲೆ ಪ್ರತಿ ಬಂಡಿಯನ್ನೂ ಆಗಿಂದಾಗ್ಗೆ ಬಡಿದು ಮಣ್ಣು ಮುಚ್ಚಬೇಕು ಎಂದ. ಹಾಗೆ ಬಡಿದರೆ ಆಯುವುದು ನಿಂತುಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನು ಟೋಪಿ ತೆಗೆದು ತಿರುವುತ್ತ, ಹೆಂಗಸರಿಗೆ ಹೇಳುವ ಧೈರ್ಯ ತನಗಿಲ್ಲ, ಗುಡ್ಡೆ ನಿನ್ನದು, ನಿನಗೆ ತೋಚಿದ ಹಾಗೆ ಮಾಡು ಎಂದು ಹೇಳಿ ಹೊರಟುಹೋದ.

ಅವಳು ಆ ವಾರವೆಲ್ಲ ಹಾರೆ ಹಿಡಿದು ಬಿಸಿಗಲ್ಲು ಹರಡಿದಳು. ಹರಡಿದಲ್ಲೆಲ್ಲ ಬೂದಿಯಾದ ಗಟ್ಟಿಗಳು, ಇಟ್ಟವನ ಕೈಯ ಜೋಪಾನ ಇನ್ನೂ ಕಾಣುವಂತೆ, ಆಕಾರ ಕೆಡದೆ ಕೂತಿದ್ದವು. ಮುಟ್ಟಿದರೆ ಉದುರುತ್ತಿದ್ದವು.

ಸೋಮವಾರ ಪಾಳಿ ಬಿಟ್ಟು ಕ್ರಿಸಾಂತೊ ಮೇಲೆ ಬಂದ. ಮುಖವೆಲ್ಲ ಕಪ್ಪು, ಕಣ್ಣು ಮಾತ್ರ ತೊಳೆದ ಹಾಗೆ. ಎಂದಿನಂತೆ ಅವಳ ಹತ್ತಿರ ಕೂತು ಚಳಿಯನ್ನು ಬೈದ, ಮೇಸ್ತ್ರಿಯ ಹೇಸರಗತ್ತೆ ಮೇಸ್ತ್ರಿಗಿಂತ ಜಾಣ ಎಂದ. ಅವಳು ಅವನಿಗೆ ಬೆಲ್ಲದ ನೀರು ಬಗ್ಗಿಸಿಕೊಟ್ಟಳು.

"ಕೊಂಪಾದ್ರೆ, ನಾಳೆಯಿಂದ ಬಂಡಿಗೆ ಬರೀ ಕಲ್ಲೇ ತುಂಬಿ."

"ನಾನು ಯಾವತ್ತು ಬೇರೆ ತುಂಬಿದ್ದೆ?" ಎಂದ ಅವನು, ಪದ್ಧತಿಯ ಪ್ರಕಾರ.

"ನೀವಿಟ್ಟಿದ್ದು ನಂಗೆ ಗೊತ್ತಾಗುತ್ತೆ. ಮೊದಲಿಂದಲೂ ಗೊತ್ತಾಗ್ತಿತ್ತು."

ಅವನು ಲೋಟವನ್ನು ಕೆಳಗಿಟ್ಟ. ಇಷ್ಟು ವರ್ಷ ಕಲ್ಲಿನಲ್ಲಿ ತಾನಾಗಿ ಸಿಕ್ಕಿದ್ದೆಲ್ಲ ಆ ಒಂದು ಮಾತಿಗೆ ಅವನು ಕೊಟ್ಟಿದ್ದು, ಅವಳು ತೆಗೆದುಕೊಂಡಿದ್ದು ಆಗಿಹೋಯಿತು.

"ಅದನ್ನ ಹೇಳಬಾರದಿತ್ತು ನೀವು, ಕೊಮಾದ್ರೆ."

"ಹೇಳಬಾರದಿತ್ತು. ಆದ್ರೆ ತ್ರಾನ್ಸಿತೊ ಕಾಲಿಟ್ಟಿದ್ದು ಅದರ ಮೇಲೇ."

"ನಾನಿಟ್ಟಿದ್ದೇ ಅಂತೀರಾ?"

"ನೀವು ಇಟ್ರಿ, ನಾನು ಬಡೀದೆ ಬಿಟ್ಟೆ. ಇಬ್ಬರೂ ಸೇರಿ ಕಳಿಸಿದ್ವಿ ಅವಳನ್ನ."

ಒಲೆಗೆ ಏನು ಮಾಡುತ್ತೀರಿ ಎಂದು ಕ್ರಿಸಾಂತೊ ಕೇಳಿದ. ಒಂದು ಚೀಲ ಮನೆಬಾಗಿಲಿಗೆ ತಂದು ಹಾಕಲೇ ಎಂದ. ಬಾಗಿಲಿಗೆ ತಂದರೆ ಅದಕ್ಕೆ ಬೇರೆ ಹೆಸರಿದೆ ಎಂದಳು ಅವಳು. ಇಳಿಜಾರಿನ ಕೆಳಗೆ ಆಯುವ ಹೆಂಗಸರು ಕಾಣಿಸಿಕೊಂಡರು, ಬುಟ್ಟಿಗಳನ್ನು ಬೆನ್ನಿಗೆ ಹಾಕಿಕೊಂಡು, ಒಬ್ಬರ ಹಿಂದೆ ಒಬ್ಬರು. ಮುಂದೆ ಬರುತ್ತಿದ್ದವಳು ತ್ರಾನ್ಸಿತೊಳ ಮಗಳು. ತಾಯಿಯ ಬುಟ್ಟಿಯನ್ನೇ ತಂದಿದ್ದಳು.

"ಗಟ್ಟಿ ಇಡ್ತಿದ್ದಿದ್ದು ಬರೀ ನಿಮಗೋಸ್ಕರ ಅಂದ್ಕೊಂಡ್ರಾ?" ಕ್ರಿಸಾಂತೊನ ದನಿ ತಗ್ಗಿತ್ತು. "ಅನ್ಸೆಲ್ಮೊ ಸತ್ತ ಆ ಮೂಲೆಗೆ ಅವತ್ತು ಹೋಗಬೇಕಾಗಿದ್ದವನು ನಾನು. ನಂಗೆ ಬೆನ್ನು ನೋವು ಅಂತ ಅವನು ಹೋದ. ಒಂದು ಗಟ್ಟಿ ಇಟ್ಟ ದಿನ ನಂಗೆ ನಿದ್ದೆ ಬರುತ್ತೆ, ಕೊಮಾದ್ರೆ. ಅದನ್ನೂ ಬಿಡಿ ಅಂದ್ರೆ ನಾನು..."

ಒತೀಲಿಯಾ ಎದ್ದಳು. ಹೆಂಗಸರು ಗುಡ್ಡೆಯ ಬುಡಕ್ಕೆ ಬಂದುಬಿಟ್ಟಿದ್ದರು. ಮೊದಲ ಹೆಜ್ಜೆ ಮೇಲಿಡುವ ಮುಂಚೆ ಅವರನ್ನು ತಡೆಯಬೇಕಾಗಿತ್ತು.

"ವಾರಕ್ಕೊಂದೇ ಇಡ್ತೀನಿ," ಹಿಂದಿನಿಂದ ಅವನು ಹೇಳುತ್ತಲೇ ಇದ್ದ, "ಮೇಲೇ ಇಡ್ತೀನಿ, ಕಣ್ಣಿಗೆ ಕಾಣೋ ಹಾಗೆ. ನೀವು ಅದನ್ನ..."

ಅವಳು ಕಂಬಳಿಯನ್ನು ಬಿಗಿಯಾಗಿ ಹೊದ್ದು, ತ್ರಾನ್ಸಿತೊಳ ಮಗಳ ಕಡೆಗೆ ಇಳಿದು ಹೋದಳು.